ಓದಿದವರು ಅವರು, ಬರೆದವಳು ನಾನು

ಕಲ್ಲು ಸಿಕ್ಕಿದ್ದು ಇಲ್ಲಿಯ ಪಂಗಾನಿ ಬಡಾವಣೆಯಲ್ಲಿ, ಗೋರಿಕಲ್ಲು ಕೆತ್ತುವವರ ಅಂಗಡಿಯ ಹಿತ್ತಲಲ್ಲಿ. ಒಂದು ಮೀಟರ್ ಉದ್ದ, ಅಷ್ಟೇ ಅಗಲ, ನಾಲ್ಕು ಬೆರಳು ದಪ್ಪದ ಗ್ರಾನೈಟ್ ಚಪ್ಪಡಿ. ಯಾರದೋ ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಕೆತ್ತಿದ್ದರಿಂದ ಮೂಲೆಗೆ ಬಿದ್ದಿತ್ತು. ನಮ್ಮ ಕಾಲೇಜಿನ ಪ್ರಯೋಗಾಲಯದ ತಂತ್ರಜ್ಞರು ಮೊಣಕಾಲೂರಿ ಕೂತು, ಉಕ್ಕಿನ ಪಟ್ಟಿಯನ್ನು ಕಲ್ಲಿನ ಮೇಲೆ ಅಡ್ಡಡ್ಡ ಇಟ್ಟು, ಎಲ್ಲಿಯಾದರೂ ಸಂದಿ ಕಾಣುತ್ತದೆಯೇ ಎಂದು ನೋಡಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ಐದಾರು ಕಡೆ ತಟ್ಟಿದರು.

"ಒಳಗೆ ಬಿರುಕಿಲ್ಲ, ಮ್ವಾಲಿಮು. ಹೆಸರು ಕೆಳಗೆ ಮಾಡಿ ಇಟ್ರೆ ಯಾರಿಗೂ ಕಾಣಲ್ಲ."

ಪಾಠ ಹೇಳುವವರನ್ನು ಸ್ವಾಹಿಲಿಯಲ್ಲಿ ಮ್ವಾಲಿಮು ಎನ್ನುತ್ತಾರೆ. ನಾನು ಅವರನ್ನು ಮ್ಜೀ ಎನ್ನುತ್ತಿದ್ದೆ. ವಯಸ್ಸಾದ ಗಂಡಸರನ್ನು ಇಲ್ಲಿ ಗೌರವದಿಂದ ಹಾಗೆ ಕರೆಯುತ್ತಾರೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ನಿವೃತ್ತಿಯ ವಯಸ್ಸು ದಾಟಿದ ಮೇಲೂ ಅವರನ್ನು ವರ್ಷ ವರ್ಷದ ಕರಾರಿನ ಮೇಲೆ ಕಾಲೇಜು ಉಳಿಸಿಕೊಂಡಿತ್ತು. ಅವರು ಕೈಯಲ್ಲಿ ಮಾಡಿಕೊಡುತ್ತಿದ್ದ ಕೆಲಸವನ್ನು ಮಾಡುವವರು ಬೇರೆ ಸಿಗುತ್ತಿರಲಿಲ್ಲ.

ನಾವು ಮಾಡಹೊರಟಿದ್ದು ಹಳೆಯ ಪ್ರಯೋಗವೊಂದರ ಮರುನಿರ್ಮಾಣ. ಶಬ್ದ ಸಾಗಲು ಗಾಳಿ ಬೇಕಾದ ಹಾಗೆ ಬೆಳಕು ಸಾಗಲು ಈಥರ್ ಎಂಬ ಏನೋ ಒಂದು ಆಕಾಶದ ತುಂಬ ತುಂಬಿಕೊಂಡಿರಬೇಕು ಎಂದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ನಂಬಿದ್ದರು. ಹಾಗಿದ್ದರೆ, ಸೈಕಲ್ ತುಳಿಯುವವನ ಮುಖಕ್ಕೆ ಗಾಳಿ ಬಡಿಯುವಂತೆ, ಓಡುವ ಭೂಮಿಗೂ ಈಥರಿನ ಗಾಳಿ ಬಡಿಯಬೇಕಲ್ಲ? ಅಮೆರಿಕದ ಇಬ್ಬರು ವಿಜ್ಞಾನಿಗಳು ಬೆಳಕಿನ ಒಂದು ಕಿರಣವನ್ನು ಎರಡಾಗಿ ಸೀಳಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಕಳಿಸಿ, ಕನ್ನಡಿಗಳಿಂದ ಹಿಂದಿರುಗಿಸಿ ಮತ್ತೆ ಕೂಡಿಸಿದರು. ಕೂಡಿದ ಕಡೆ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಇಡೀ ಉಪಕರಣವನ್ನು ನಿಧಾನವಾಗಿ ತಿರುಗಿಸಿದಾಗ ಪಟ್ಟೆಗಳು ಸರಿದರೆ ಈಥರಿನ ಗಾಳಿ ಇದೆ ಎಂದರ್ಥ. ಅವು ನಿರೀಕ್ಷಿಸಿದಷ್ಟು ಸರಿಯಲಿಲ್ಲ. ಆ ವಿಜ್ಞಾನಿಗಳು ಹುಡುಕಿದ್ದು ಅವರಿಗೆ ಸಿಗಲಿಲ್ಲ, ಸಿಗಲಿಲ್ಲವೆಂದೇ ಅವರು ಬರೆದರು. ಪ್ರತಿ ವರ್ಷವೂ ಈ ಪಾಠ ಮಾಡುವಾಗ ನಾನು ಆ ಮಾತನ್ನು ಒತ್ತಿ ಹೇಳುತ್ತಿದ್ದೆ.

ನಮ್ಮಲ್ಲಿ ಭೌತವಿಜ್ಞಾನದ ಹೊಸ ಪದವಿಯೊಂದನ್ನು ತೆರೆಯಲು ಪರಿಶೀಲನಾ ಸಮಿತಿ ಬರುವುದಿತ್ತು. ಅವರಿಗೆ ತೋರಿಸಲು ಏನಾದರೂ ದೊಡ್ಡದು ಬೇಕೆಂದು ವಿಭಾಗದ ಮುಖ್ಯಸ್ಥೆ ಕೇಳಿದಾಗ ಈ ಪ್ರಯೋಗದ ಹೆಸರು ಹೇಳಿದವಳು ನಾನೇ. ಪದವಿಯ ಸಂಯೋಜಕಿಯೂ ನಾನೇ ಆಗುವುದಿತ್ತು.

ಮೂಲ ಪ್ರಯೋಗದಲ್ಲಿ ಕಲ್ಲನ್ನು ಪಾದರಸದ ಮೇಲೆ ತೇಲಿಸಿದ್ದರು. ಪಾದರಸ ವಿಷ, ನಮಗೆ ಅದು ಸಾಧ್ಯವಿರಲಿಲ್ಲ. ನೀರಿನಲ್ಲಿ ತೇಲಿಸೋಣ ಎಂದವರು ಮ್ಜೀ. ಇಲ್ಲಿ ಎಲ್ಲರ ಮನೆಯ ಮೇಲೂ ಇರುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಒಂದನ್ನು ಮೊಣಕಾಲೆತ್ತರಕ್ಕೆ ಕೊಯ್ದು ನೀರು ತುಂಬಿಸಿದರು. ಅದಕ್ಕಿಂತ ಸ್ವಲ್ಪ ಚಿಕ್ಕ ಟ್ಯಾಂಕಿನ ತಳವನ್ನು ದೋಣಿಯಂತೆ ಅದರೊಳಗೆ ಬಿಟ್ಟು, ಅದರ ಮೇಲೆ ಮರದ ಚೌಕಟ್ಟು, ಚೌಕಟ್ಟಿನ ಮೇಲೆ ಕಲ್ಲು ಇಟ್ಟರು. ಎಂಟು ಜನ ಹಿಡಿದು ಇಳಿಸಿದ ಕಲ್ಲು, ಒಂದು ಬೆರಳಿನಿಂದ ದೂಡಿದರೆ ಸದ್ದಿಲ್ಲದೆ ತಿರುಗತೊಡಗಿದಾಗ ಮ್ಜೀ ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಕನ್ನಡಿಗಳನ್ನು ಕೂರಿಸಲು ಮೂರು ವಾರ ಹಿಡಿಯಿತು. ಬೆಳಕನ್ನು ಮತ್ತೆ ಮತ್ತೆ ಹಿಂದೆ ಮುಂದೆ ಓಡಿಸಿ ಒಂದೊಂದು ದಾರಿಯನ್ನೂ ನಾಲ್ಕು ಮೀಟರಿಗೆ ಹಿಗ್ಗಿಸಿದೆವು. ಈಥರ್ ಇದ್ದಿದ್ದರೆ ಇಷ್ಟು ಉದ್ದಕ್ಕೆ ಪಟ್ಟೆಗಳು ಒಂದು ಪಟ್ಟೆಯ ಎಂಟನೆಯ ಒಂದು ಭಾಗದಷ್ಟು ಸರಿಯಬೇಕು. ಅಷ್ಟು ಸಣ್ಣದನ್ನು ನೋಡಬೇಕಾದರೆ ನೆಲ ನಡುಗಬಾರದು. ವಾರದ ದಿನಗಳಲ್ಲಿ ಹೊರಗಿನ ರಸ್ತೆಯಲ್ಲಿ ಜನ ತುಂಬಿಕೊಂಡ ಒಂದು ಮಟಾಟು ವ್ಯಾನು ಹೋದರೂ ಸಾಕು, ಪಟ್ಟೆಗಳು ಗಾಳಿಗೆ ಸಿಕ್ಕ ಪರದೆಯಂತೆ ಕದಡಿಹೋಗುತ್ತಿದ್ದವು. ಹಾಗಾಗಿ ಭಾನುವಾರದ ಬೆಳಗುಗಳನ್ನು ಆರಿಸಿಕೊಂಡೆವು. ಮ್ಜೀ ಚರ್ಚಿನ ಗಾಯನ ತಂಡದಲ್ಲಿ ಹಾಡುವವರು. ಒಂದರ ಮೇಲೊಂದು ಐದು ಭಾನುವಾರ ಅವರು ಚರ್ಚು ತಪ್ಪಿಸಿಕೊಂಡು ಬಂದರು.

ಕಲ್ಲಿನ ಮೇಲೆ ಒಂದು ಮುಚ್ಚಳ ಬೇಕಿತ್ತು, ಗಾಳಿ ಬೆಳಕಿನ ದಾರಿಗೆ ಅಡ್ಡ ಬರದಿರಲೆಂದು. ಮ್ಜೀ ಮರದ ಪೆಟ್ಟಿಗೆ ಮಾಡುತ್ತೇನೆಂದರು. ನಾನು ಪಾರದರ್ಶಕ ಅಕ್ರಿಲಿಕ್ ಹಾಳೆ ತರಿಸಿದೆ.

"ಇದು ಬಿಸಿಲನ್ನ ಒಳಗೆ ಹಿಡ್ಕೊಳ್ಳುತ್ತೆ, ಮ್ವಾಲಿಮು. ಪಕ್ಕದಲ್ಲೇ ಪೂರ್ವದ ಕಿಟಕಿ ಇದೆ."

"ಬರೋರಿಗೆ ಬೆಳಕಿನ ಕಿರಣ ಕಾಣ್ಬೇಕಲ್ವಾ ಮ್ಜೀ? ಮರದ ಪೆಟ್ಟಿಗೆ ತೋರಿಸಿದ್ರೆ ಅವರೇನು ನೋಡ್ತಾರೆ?"

"ಸವಾ," ಎಂದು ಒಪ್ಪಿಕೊಂಡರು. ಎರಡನೆಯ ಸಲ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ರೀಡಿಂಗ್ ತೆಗೆಯುವ ಕ್ರಮ ಹೀಗಿತ್ತು: ಕಲ್ಲನ್ನು ಮೆಲ್ಲಗೆ ದೂಡಿ ಬಿಡುವುದು. ಒಂದು ಸುತ್ತು ಮುಗಿಯಲು ಸುಮಾರು ಎಂಟು ನಿಮಿಷ. ಟ್ಯಾಂಕಿನ ಅಂಚಿನಲ್ಲಿ ಹದಿನಾರು ಗುರುತುಗಳು. ಕಲ್ಲಿನೊಂದಿಗೆ ತಿರುಗುವ ಪುಟ್ಟ ಪರದೆಯ ಮೇಲೆ ಕೂದಲಿನಷ್ಟು ತೆಳುವಾದ ಗೆರೆಗಳು. ಮ್ಜೀ ಕಲ್ಲನ್ನು ಮುಟ್ಟದೆ, ಬಗ್ಗಿಕೊಂಡು, ಅದರ ಜೊತೆಗೇ ಹೆಜ್ಜೆ ಹಾಕುತ್ತ, ಒಂದೊಂದು ಗುರುತು ಬಂದಾಗಲೂ ಪಟ್ಟೆಯ ನಡುಭಾಗ ಯಾವ ಗೆರೆಯ ಮೇಲಿದೆ ಎಂದು ಕೂಗಿ ಹೇಳುತ್ತಿದ್ದರು. ನಾನು ಲ್ಯಾಬ್ ಪುಸ್ತಕದಲ್ಲಿ ಬರೆಯುತ್ತಿದ್ದೆ. ಹಿಂದಿನ ವರ್ಷ ಅವರ ಕಣ್ಣಿನ ಪೊರೆ ತೆಗೆಸಿಯಾಗಿತ್ತು. ಅದನ್ನು ಮಾಡಿದವರು ನಮ್ಮ ಮನೆಗೆ ಬೇಕಾದವರು, ಮಂಗಳೂರಿನ ಕಡೆಯ ಕಣ್ಣಿನ ಡಾಕ್ಟರಮ್ಮ. ಅವರ ಹತ್ತಿರ ಮ್ಜೀಯನ್ನು ಕಳಿಸಿದ್ದು ನಾನೇ. ಆಮೇಲೆ ಅವರ ದೃಷ್ಟಿ ಎಷ್ಟು ಚುರುಕಾಗಿತ್ತೆಂದರೆ, ನಾನು ಕನ್ನಡಕ ಹಾಕಿಕೊಂಡು ತಡಕಾಡುವ ಗೆರೆಯನ್ನು ಅವರು ನಡೆಯುತ್ತಲೇ ಓದುತ್ತಿದ್ದರು.

ಮೊದಲ ನಾಲ್ಕು ಭಾನುವಾರ ಪಟ್ಟೆಗಳನ್ನು ಕದಲದಂತೆ ನಿಲ್ಲಿಸುವುದರಲ್ಲೇ ಕಳೆದವು. ಐದನೆಯ ಭಾನುವಾರ ರೀಡಿಂಗ್ ತೆಗೆದಾಗ ಪಟ್ಟೆಗಳು ಸರಿದವು. ಎಂಟನೆಯ ಒಂದು ಭಾಗವಲ್ಲ, ಸುಮಾರು ಅರ್ಧ ಪಟ್ಟೆ. ಒಂದು ಸುತ್ತಿನಲ್ಲಿ ಒಂದು ಸಲ ಒಂದೇ ಕಡೆಗೆ ವಾಲಿ ಮತ್ತೆ ವಾಪಸ್. ಈಥರಿನ ಗಾಳಿಯಾದರೆ ಒಂದು ಸುತ್ತಿನಲ್ಲಿ ಎರಡು ಸಲ ಸರಿಯಬೇಕು. ಹಾಗಾಗಿ ಇದು ಬೇರೇನೋ ದೋಷ ಎಂಬುದು ನನಗೆ ಕೂಡಲೇ ಗೊತ್ತಾಯಿತು. ಏನು ದೋಷ ಎಂಬುದು ಗೊತ್ತಾಗಲಿಲ್ಲ. ಎಂಟು ಸುತ್ತು ತೆಗೆದೆವು. ನಡುವೆ ಒಂದು ಸುತ್ತು, ಮ್ಜೀ ಚಹಾ ತರಲು ಹೋಗಿದ್ದಾಗ, ನಾನೇ ಬಗ್ಗಿ ಓದಿದೆ. ಅವೇ ಅಂಕಿಗಳು ಬಂದವು. ಅದನ್ನು ಅವರಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಸಮಿತಿ ಬರುವುದು ಗುರುವಾರ.

"ಬಂದದ್ದನ್ನೇ ಬರೆಯೋಣ," ಎಂದರು ಮ್ಜೀ, ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗುತ್ತ. "ಕಾರಣ ಇನ್ನೂ ಹುಡುಕ್ತಾ ಇದೀವಿ ಅಂತ ಕೆಳಗೆ ಬರೆದ್ರಾಯ್ತು."

"ನೋಡೋಣ," ಎಂದೆ.

ಬುಧವಾರ ಮಧ್ಯಾಹ್ನ, ಸಮಿತಿಗೆ ತೋರಿಸಲು ಗೋಡೆಗೆ ಹಾಕುವ ಪೋಸ್ಟರಿಗೆ ಕೋಷ್ಟಕ ಟೈಪು ಮಾಡಲು ಕೂತೆ. ಲ್ಯಾಬ್ ಪುಸ್ತಕ ಪಕ್ಕದಲ್ಲೇ ತೆರೆದಿತ್ತು. ಮೊದಲ ಎರಡು ಅಂಕಿಗಳನ್ನು ಇದ್ದ ಹಾಗೆಯೇ ಹಾಕಿದೆ. ಮೂರನೆಯದನ್ನು ಸ್ವಲ್ಪ ಇಳಿಸಿದೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಪುಸ್ತಕ ನೋಡುವುದನ್ನೇ ಬಿಟ್ಟಿದ್ದೆ. ಸೊನ್ನೆಯ ಆಚೀಚೆ ಒಂದಿಷ್ಟು ಏರಿಳಿತ, ನಿಜದ ರೀಡಿಂಗ್‌ನಂತೆ ಕಾಣಬೇಕಲ್ಲ ಎಂದು ನಡುವೆ ಒಂದೆರಡು ದೊಡ್ಡ ತಪ್ಪು. ಇದಕ್ಕೆಲ್ಲ ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಉತ್ತರ ಇದು, ನಾನೇನು ಹೊಸದಾಗಿ ಸುಳ್ಳು ಸೃಷ್ಟಿಸುತ್ತಿಲ್ಲ ಎಂದು ಸಮಾಧಾನ ಹೇಳಿಕೊಂಡೆ. ಉತ್ತರ ಗೊತ್ತಿರದಿದ್ದರೆ ಆ ಸುಳ್ಳು ಬರೆಯಲು ನನಗೆ ಬರುತ್ತಲೇ ಇರಲಿಲ್ಲ.

ಗುರುವಾರ ಎಲ್ಲ ಸರಾಗವಾಗಿ ನಡೆಯಿತು. ಅಕ್ರಿಲಿಕ್ ಮುಚ್ಚಳದ ಕೆಳಗೆ ಕೆಂಪು ಕಿರಣ ಹೊಳೆಯುತ್ತಿತ್ತು. ಸಮಿತಿಯವರು ಫೋಟೋ ತೆಗೆದುಕೊಂಡರು. ಕೊನೆಗೆ ಅವರಲ್ಲೊಬ್ಬರು, ಎಲ್ಲರಿಗಿಂತ ಹಿರಿಯ ಪ್ರೊಫೆಸರ್, "ಮೂಲ ಪುಸ್ತಕ ನೋಡಬಹುದೇ?" ಎಂದರು. ನಾನು ಬಾಯಿ ತೆರೆಯುವ ಮುಂಚೆಯೇ ಮ್ಜೀ ಅದನ್ನು ಕಪಾಟಿನಿಂದ ತೆಗೆದು ಎರಡೂ ಕೈಯಿಂದ ಕೊಟ್ಟರು. ಪೋಸ್ಟರಿನಲ್ಲಿ ಏನಿದೆಯೆಂದು ಅವರು ಇನ್ನೂ ಓದಿರಲಿಲ್ಲ.

ಪ್ರೊಫೆಸರ್ ಪುಸ್ತಕ ನೋಡಿದರು, ಪೋಸ್ಟರ್ ನೋಡಿದರು, ಮತ್ತೆ ಪುಸ್ತಕ ನೋಡಿದರು. "ಇವೆರಡೂ ಬೇರೆ ಬೇರೆ ಇವೆಯಲ್ಲ. ಇದು ನಿಮ್ಮ ಕೈಬರಹವೇ?"

ಮುಖ್ಯಸ್ಥೆ ನನ್ನತ್ತ ತಿರುಗಿದರು.

"ಬರೆದವಳು ನಾನು, ಓದಿದವರು ಅವರು," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದುವರಿದೆ. "ಅವರಿಗೆ ಕಣ್ಣಿನ ಆಪರೇಷನ್ ಆಗಿದೆ. ಸಣ್ಣ ಗೆರೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ನಾನು ಆಮೇಲೆ ಒಬ್ಬಳೇ ಮತ್ತೆ ಓದಿದೆ. ಪೋಸ್ಟರಿನಲ್ಲಿರುವುದು ಅದು."

ಮ್ಜೀ ಕಪಾಟಿನ ಪಕ್ಕದಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಸಿಟ್ಟು ಬರುವುದನ್ನು ಕಾಯುತ್ತಿದ್ದೆ. ಬರಲಿಲ್ಲ. ಏನೋ ಲೆಕ್ಕ ಹಾಕುವವರಂತೆ ಹುಬ್ಬು ಗಂಟಿಕ್ಕಿ ಕಲ್ಲಿನತ್ತ ನೋಡುತ್ತಿದ್ದರು. ಪ್ರೊಫೆಸರ್ ತಲೆಯಾಡಿಸಿ ಪುಸ್ತಕ ಮುಚ್ಚಿದರು.

ಪದವಿಗೆ ಒಪ್ಪಿಗೆ ಸಿಕ್ಕಿತು. ಅವಧಿ ಮುಗಿದಾಗ ಮ್ಜೀಯ ಕರಾರನ್ನು ನವೀಕರಿಸಲಿಲ್ಲ. ದೃಷ್ಟಿಯ ತೊಂದರೆಯಿಂದ ಸೂಕ್ಷ್ಮ ಕೆಲಸಕ್ಕೆ ಆಗುವುದಿಲ್ಲ ಎಂದು ಕಾರಣ ಕೊಟ್ಟಿದ್ದರಂತೆ. ಆ ಕಾಗದವನ್ನು ನಾನು ನೋಡಲಿಲ್ಲ, ನೋಡಲು ಕೇಳಲೂ ಇಲ್ಲ. ಅವರು ಹೋದ ದಿನ ನಾನು ತರಗತಿಯಲ್ಲಿದ್ದೆ. ಬಂದು ನೋಡಿದರೆ ಬೀಗದ ಕೈಗಳು ನನ್ನ ಮೇಜಿನ ಮೇಲಿದ್ದವು. ಒಂದೊಂದಕ್ಕೂ ಯಾವ ಕಪಾಟಿನದೆಂದು ಚೀಟಿ ಕಟ್ಟಿದ್ದರು.

ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಬ್ಯಾಂಕೊಂದರ ಐಟಿ ವಿಭಾಗದಲ್ಲಿದ್ದಾರೆ. ಕಿಲಿಮಾನಿಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆವು.

"ನೋಡು, ಅಲ್ಟಿಮೇಟ್ಲೀ ಝೀರೋನೇ ತಾನೆ ಬರ್ಬೇಕಿದ್ದಿದ್ದು? ನೀನು ಬರೆದಿದ್ದೂ ಝೀರೋನೇ. ರಿಸಲ್ಟ್ ಕರೆಕ್ಟಾಗೇ ಇದೆ."

"ಅವರ ಕೆಲಸ ಹೋಯ್ತಲ್ಲ."

"ಅವರಿಗೆ ಹೇಗಿದ್ರೂ ಏಜ್ ಆಗಿತ್ತು ಕಣೇ. ಇವತ್ತಲ್ಲ ನಾಳೆ ಹೋಗೋರೇ. ಸುಮ್ನೆ ತಲೆ ಕೆಡಿಸ್ಕೋಬೇಡ."

ತಲೆ ಕೆಡಿಸಿಕೊಳ್ಳದೆ ಇರುವುದು ನಾನು ಅಂದುಕೊಂಡಿದ್ದಕ್ಕಿಂತ ಸುಲಭವಾಗಿತ್ತು. ಹೊಸ ಪದವಿಯ ಕೆಲಸ ಸಾಕಷ್ಟಿತ್ತು. ಪೋಸ್ಟರ್ ಗೋಡೆಯ ಮೇಲೇ ಇತ್ತು. ಅದರ ಮುಂದೆ ಹಾದುಹೋಗುವಾಗ ಫೋನ್ ನೋಡುವುದನ್ನು ರೂಢಿ ಮಾಡಿಕೊಂಡೆ. ಹೀಗೆ ಕಾಲೇಜಿನ ಒಂದು ಟರ್ಮ್ ಪೂರ್ತಿ ಕಳೆಯಿತು.

ಯುಗಾದಿಯ ಮಧ್ಯಾಹ್ನ ಇಲ್ಲಿಯ ಕನ್ನಡಿಗರು ಸೇರಿ ಊಟ ಮಾಡುವಾಗ ಕಣ್ಣಿನ ಡಾಕ್ಟರಮ್ಮ ನನ್ನ ಪಕ್ಕದಲ್ಲಿ ಬಂದು ಕೂತರು.

"ನೀವು ಕಳಿಸಿದ್ರಲ್ಲ, ನಿಮ್ಮ ಕಾಲೇಜಿನ ಆ ಮ್ಜೀ, ಅವರಿಗೆ ಏನಾಗಿದೆ ಮಾರಾಯ್ರೆ? ನಿಮ್ಮ ಹತ್ರ ಕೇಳುವಾ ಅಂತಿದ್ದೆ."

"ಯಾಕೆ?" ಎಂದೆ. ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು.

"ಮೂರು ಸಲ ಬಂದಾಯ್ತು. ಕಣ್ಣು ಫಸ್ಟ್ ಕ್ಲಾಸ್ ಉಂಟು ಅಂದ್ರೆ ನಂಬುದೇ ಇಲ್ಲ. ಇಲ್ಲ ಡಾಕ್ಟರ್, ಸಣ್ಣ ಗೆರೆ ತಪ್ಪು ಕಾಣ್ತದೆ, ನಮ್ಮ ಮ್ವಾಲಿಮು ನೋಡಿ ಹೇಳಿದ್ದಾರೆ ಅಂತಾರೆ. ನಿಮ್ಮ ಮೇಲೆ ಎಂಥ ನಂಬಿಕೆ ನೋಡಿ! ನೀವೇ ಒಮ್ಮೆ ಹೇಳಿ ಅವರಿಗೆ, ಏನೂ ಆಗಿಲ್ಲ ಅಂತ."

ಅಲ್ಲಿಯವರೆಗೆ ನಾನು ಅಂದುಕೊಂಡಿದ್ದು ಬೇರೆ. ನಾನು ಸುಳ್ಳು ಹೇಳಿದೆನೆಂದು ಮ್ಜೀಗೆ ಗೊತ್ತು, ನನ್ನ ಮಾನ ಉಳಿಸಲು ಸುಮ್ಮನಿದ್ದರು, ಮನಸ್ಸಿನಲ್ಲಿ ನನ್ನನ್ನು ಬೈದುಕೊಳ್ಳುತ್ತಿರುತ್ತಾರೆ ಎಂದು ತಿಳಿದಿದ್ದೆ. ಹಾಗೆ ಬೈಸಿಕೊಳ್ಳುವುದರಲ್ಲಿ ಒಂದು ಬಗೆಯ ನೆಮ್ಮದಿಯೂ ಇತ್ತು. ಅವರು ನನ್ನನ್ನು ನಂಬಿಬಿಟ್ಟಿರಬಹುದು ಎಂದು ಒಂದು ಸಲವೂ ಹೊಳೆದಿರಲಿಲ್ಲ. ಅವರು ಅಂದು ಕಲ್ಲಿನತ್ತ ನೋಡುತ್ತ ಹಾಕುತ್ತಿದ್ದ ಲೆಕ್ಕ ಯಾವುದೆಂದು ಈಗ ತಿಳಿಯಿತು.

ಮರುದಿನದಿಂದಲೇ ಕೆಲಸ ಶುರು ಮಾಡಿದೆ. ಮೊದಲು ಪ್ರಯೋಗ. ಕಿಟಕಿಗೆ ರಟ್ಟು ಹೊಡೆದೆ. ಅಕ್ರಿಲಿಕ್ ಮುಚ್ಚಳ ತೆಗೆದು ಪ್ಲೈವುಡ್ ಪೆಟ್ಟಿಗೆ ಮಾಡಿಸಿ, ಅದರ ಮೇಲೆ ಎರಡು ಕಂಬಳಿ ಹೊದಿಸಿದೆ. ಭಾನುವಾರ ಒಬ್ಬಳೇ ಬಂದು ಎಂಟು ಸುತ್ತು ತೆಗೆದೆ. ಸರಿದಾಟ ಗುರುತಿಸಲಾಗದಷ್ಟು ಇಳಿದಿತ್ತು. ಮತ್ತೆ ಅಕ್ರಿಲಿಕ್ ಹಾಕಿ, ರಟ್ಟು ತೆಗೆದು, ಬಿಸಿಲು ಬಿಟ್ಟೆ. ಅರ್ಧ ಪಟ್ಟೆ ಮತ್ತೆ ಬಂತು, ಕಿಟಕಿಯ ಕಡೆಗೆ ತಿರುಗಿದ ಬೆಳಕಿನ ದಾರಿಯಲ್ಲಿ ಗಾಳಿ ಕಾದು. ಲ್ಯಾಬ್ ಪುಸ್ತಕದ ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದೆ. ಹದಿನಾರು ಗುರುತುಗಳಲ್ಲಿ ಒಂದೂ ಬೇರೆಯಾಗಿರಲಿಲ್ಲ. ಮ್ಜೀ ಓದಿದ್ದು ಸರಿ, ಪೆಟ್ಟಿಗೆಯ ಬಗ್ಗೆ ಹೇಳಿದ್ದೂ ಸರಿ.

ಪತ್ರ ಬರೆಯಲು ಎರಡು ದಿನ ಹಿಡಿಯಿತು. ಮೊದಲ ಕರಡಿನಲ್ಲಿ "ಅಂಕಿಅಂಶಗಳಲ್ಲಿ ವ್ಯತ್ಯಾಸ ಉಂಟಾಗಿದೆ" ಎಂದು ಬರೆದಿದ್ದೆ, ತಾನಾಗಿಯೇ ಉಂಟಾದಂತೆ. ಹರಿದು ಹಾಕಿದೆ. "ನಾನು ಮತ್ತೆ ಓದಲಿಲ್ಲ. ಅಂಕಿಗಳನ್ನು ಕೂತು ಕಲ್ಪಿಸಿಕೊಂಡೆ. ತಂತ್ರಜ್ಞರ ಕಣ್ಣಿನ ಬಗ್ಗೆ ಹೇಳಿದ್ದು ಸುಳ್ಳು," ಎಂದು ಬರೆದೆ.

ಮುಖ್ಯಸ್ಥೆ ಅದನ್ನು ಎರಡು ಸಲ ಓದಿದರು. ಬಾಗಿಲು ಹಾಕಿ ಬಂದು ಕೂತರು.

"ಇದನ್ನ ಸಮಿತಿಗೂ ಕಳಿಸಬೇಕಾಗುತ್ತೆ. ನಿಮಗೆ ಏನಾಗುತ್ತೆ ಗೊತ್ತಲ್ವಾ?"

"ಗೊತ್ತು."

"ಇನ್ನೂ ನಾನು ರಿಜಿಸ್ಟರ್‌ನಲ್ಲಿ ಹಾಕಿಲ್ಲ. ವಾಪಸ್ ತಗೊಂಡು ಹೋದ್ರೆ ನಾನು ನೋಡೇ ಇಲ್ಲ."

ಪತ್ರ ಮೇಜಿನ ಮೇಲೆ, ನನ್ನ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಕೈ ಚಾಚಬೇಕೆನಿಸಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಎರಡೂ ಕೈಗಳನ್ನು ತೊಡೆಯ ಮೇಲೇ ಇಟ್ಟುಕೊಂಡು, "ಹಾಕಿಬಿಡಿ," ಎಂದೆ.

ಸಂಯೋಜಕಿಯ ಸ್ಥಾನ ಹೋಯಿತು. ನನ್ನ ಕಡತದಲ್ಲಿ ಒಂದು ಕಾಗದ ಸೇರಿತು, ಅದು ನಾನು ಇಲ್ಲಿರುವವರೆಗೂ ಇರುತ್ತದೆ. ಸಮಿತಿ ಇನ್ನೊಮ್ಮೆ ಬಂದು ಪ್ರಯೋಗಾಲಯ ನೋಡುವುದಾಗಿ ಹೇಳಿತು. ಪಾಠ ಮಾಡಲು ಬಿಟ್ಟರು. ಚಹಾದ ಹೊತ್ತಿನಲ್ಲಿ ನಾನು ಒಳಗೆ ಹೋದರೆ ಸಹೋದ್ಯೋಗಿಗಳ ಮಾತು ಹವಾಮಾನದ ಕಡೆಗೆ ತಿರುಗುತ್ತಿತ್ತು.

ಮ್ಜೀ ಈಗ ಊರಂಚಿನ ಕರೆನ್ ಬಡಾವಣೆಯ ಒಂದು ಶಾಲೆಯಲ್ಲಿ ಪ್ರಯೋಗಾಲಯದ ಸಹಾಯಕರು ಎಂದು ತಿಳಿದು ಅಲ್ಲಿಗೆ ಹೋದೆ. ನನಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಪಂಗಾನಿಯ ತಮ್ಮ ಮನೆಯಿಂದ ಮಟಾಟು ಬದಲಿಸಿ ಬರುವ ಅವರಿಗೆ ಎರಡು ಗಂಟೆಯಾದರೂ ಬೇಕು. ತೊಟ್ಟಿಯ ಮುಂದೆ ನಿಂತು ಬೀಕರುಗಳನ್ನು ತೊಳೆಯುತ್ತಿದ್ದರು. ನನ್ನನ್ನು ನೋಡಿ ಮುಖ ಅರಳಿತು. ಅದೇ ನನಗೆ ಕಷ್ಟವಾಯಿತು.

ಕೂತುಕೊಳ್ಳಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಕೋಷ್ಟಕ ಟೈಪು ಮಾಡಿದ್ದು, ಕಣ್ಣಿನ ಮಾತು, ಬಿಸಿಲು, ಪತ್ರ. ಅವರು ನಲ್ಲಿ ನಿಲ್ಲಿಸಿದರು.

"ಹಾಗಾದ್ರೆ ನೀವು ಆಮೇಲೆ ಮತ್ತೆ ಓದಲೇ ಇಲ್ಲ?"

"ಇಲ್ಲ, ಮ್ಜೀ."

"ನಾನು ಓದಿದ್ದು ಸರಿಯಿತ್ತು?"

"ಸರಿಯಿತ್ತು."

"ಹದಿನಾರೂ?"

"ಹದಿನಾರೂ."

ಅವರು ಕೈಯಲ್ಲಿದ್ದ ಬೀಕರನ್ನು ಕೆಳಗಿಟ್ಟರು. "ಇಲ್ಲಿ ಥರ್ಮಾಮೀಟರ್ ಕೂಡ ನಾನು ಓದಲ್ಲ," ಎಂದರು. "ಮಕ್ಕಳ ಕೈಲಿ ಓದಿಸ್ತೀನಿ. ಸೂಕ್ಷ್ಮ ಅಳತೆಗೆ ಅಂತ ನನ್ನ ವರ್ನಿಯರ್ ಇತ್ತಲ್ಲ, ಅದನ್ನ ತಮ್ಮನ ಮಗನಿಗೆ ಕೊಟ್ಟುಬಿಟ್ಟೆ." ಆಮೇಲೆ ದನಿ ಏರಿತು. ಅಷ್ಟು ವರ್ಷದಲ್ಲಿ ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನಗೆ ಹೇಳಬಹುದಿತ್ತು, ಮ್ವಾಲಿಮು! ಅವರಿಗೆ ಸುಳ್ಳು ಹೇಳಿ, ಹೊರಗೆ ಬಂದು ನನಗೊಬ್ಬನಿಗೆ ನಿಜ ಹೇಳಬಹುದಿತ್ತು."

"ತಪ್ಪಾಯ್ತು, ಮ್ಜೀ. ನನ್ನನ್ನ..."

"ಬೇಡ," ಎಂದು ಕೈ ಅಡ್ಡ ಹಿಡಿದರು. "ಆ ಮಾತು ಈಗ ಬೇಡ. ಪೆಟ್ಟಿಗೆ ಮುಚ್ಚಿದ್ದೀರಿ ಅಂದ್ರಲ್ಲ, ನಾನು ಒಂದು ಸಲ ಅದನ್ನ ಓದಬೇಕು."

ಮುಖ್ಯಸ್ಥೆ ಮ್ಜೀಗೆ ಮತ್ತೆ ಕರಾರು ಕೊಡಲು ಸಿದ್ಧರಿದ್ದರು. ಅವರು ಒಲ್ಲೆನೆಂದರು, ಶಾಲೆಯವರು ಕಷ್ಟಕಾಲದಲ್ಲಿ ಕರೆದರು, ವರ್ಷದ ನಡುವೆ ಬಿಟ್ಟುಬರುವುದಿಲ್ಲವೆಂದರು. ಆದರೆ ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂದರು, ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು. ನೀರಿನ ಮಟ್ಟ ನೋಡಿದರು. ನನ್ನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಸಂದಿಯಿದೆಯೆಂದು ಅದಕ್ಕೆ ಬಟ್ಟೆ ತುರುಕಿದರು. ಕಲ್ಲನ್ನು ಒಂದು ಬೆರಳಿನಿಂದ ದೂಡಿದರು.

ನಾನು ಪುಸ್ತಕ ತೆರೆದು ಕೂತೆ. ಮೊದಲ ಗುರುತು ಬಂತು. ಅವರು ಬಗ್ಗಿ ನೋಡಿದರು.

"ಹನ್ನೆರಡೂವರೆ," ಎಂದರು. ನಾನು ಬರೆದುಕೊಳ್ಳುವಷ್ಟರಲ್ಲಿ, "ಮ್ವಾಲಿಮು, ಬನ್ನಿ, ನೀವೂ ನೋಡಿ."

"ನೀವು ಓದಿದ್ರೆ ಸಾಕು, ಮ್ಜೀ."

"ಇಲ್ಲ. ನೋಡಿ."

ಎದ್ದು ಹೋಗಿ ಅವರ ಪಕ್ಕದಲ್ಲಿ ಬಗ್ಗಿದೆ. ಹನ್ನೆರಡೂವರೆಯೇ ಇತ್ತು. ಎರಡನೆಯ ಗುರುತಿಗೂ ಕರೆದರು, ಮೂರನೆಯದಕ್ಕೂ ಕರೆದರು. ಮೊದಲೆಲ್ಲ ಅಂಕಿ ಹೇಳಿದ ಮೇಲೆ ಹಿಂತಿರುಗಿ ನೋಡದವರು ಈಗ ಒಂದೊಂದು ಸಲವೂ ಹೇಳಿ, ನನ್ನ ಬಾಯಿಂದ "ಸರಿ" ಎಂಬ ಮಾತು ಬರುವವರೆಗೆ ಕಾಯುತ್ತಿದ್ದರು. ಕಲ್ಲು ನಿಲ್ಲದೆ ತಿರುಗುತ್ತಿತ್ತು. ನಾವಿಬ್ಬರೂ ತಲೆಗೆ ತಲೆ ತಾಗುವಷ್ಟು ಹತ್ತಿರ ಬಗ್ಗಿಕೊಂಡು ಅದರ ಜೊತೆ ಹೆಜ್ಜೆ ಹಾಕಿದೆವು. ಹದಿನಾರು ಸಲ ಕರೆದರು, ಹದಿನಾರು ಸಲ ನೋಡಿದೆ. ಒಂದು ಸಲವೂ ಅವರು ತಪ್ಪಿರಲಿಲ್ಲ.

ಸುತ್ತು ಮುಗಿದಾಗ ಅವರು ಸೊಂಟ ನೆಟ್ಟಗೆ ಮಾಡಿಕೊಂಡು, "ಇನ್ನೊಂದು ಸುತ್ತು ತೆಗೆಯೋಣ," ಎಂದರು. ಕಲ್ಲನ್ನು ಮತ್ತೆ ದೂಡಿದರು. ಮೊದಲ ಗುರುತು ಬಂದಾಗ ಹನ್ನೆರಡೂವರೆ ಎಂದು ಹೇಳಿ, ಮತ್ತೆ ನನ್ನತ್ತ ತಿರುಗಿದರು.